ಹೂದೋಟದ ಹರಿಣವೂ ಗೃಹಸ್ಥನ ಅಣುವ್ರತವೂ

ಅಹಿಂಸಾಣುವ್ರತವನ್ನು ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಗಳು ಬಹುಮಟ್ಟಿಗೆ ಅಡಿಗೆಮನೆಯಲ್ಲಿ ಆರಂಭವಾಗಿ ಅಡಿಗೆಮನೆಯಲ್ಲಿಯೇ ಮುಗಿಯುತ್ತವೆ. ನೀರನ್ನು ಸೋಸಿದೆಯೊ ಇಲ್ಲವೊ, ಸೂರ್ಯಾಸ್ತಕ್ಕೆ ಮುಂಚೆ ಊಟವಾಯಿತೊ ಇಲ್ಲವೊ, ಹಿಟ್ಟಿನ ಮರ್ಯಾದೆ ಮೀರಿತೊ ಇಲ್ಲವೊ ಎಂಬ ವಿಷಯಗಳಲ್ಲಿ ನಮ್ಮ ತಾಯಂದಿರು ಪಂಡಿತರಿಗಿಂತ ಹೆಚ್ಚು ಬಲ್ಲವರು. ಆದರೆ ಹಿತ್ತಿಲ ಬಾಗಿಲನ್ನು ದಾಟಿದೊಡನೆ ಅದೇ ವ್ರತವು ಯಾವ ರೂಪವನ್ನು ತಾಳುತ್ತದೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿದವರಲ್ಲ. ಈ ಆಕ್ಷೇಪಣೆಯಲ್ಲಿ ಮೊದಲು ನನ್ನನ್ನೇ ಸೇರಿಸಿಕೊಂಡು ಬರೆಯುತ್ತಿದ್ದೇನೆ.

ಕಳೆದ ವರ್ಷ ಮಹಾವೀರ ಜಯಂತಿಯ ಅನಂತರ ಆರು ತಿಂಗಳ ಕಾಲ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ತಂಗುವ ಪ್ರಸಂಗವು ಒದಗಿತು. ಅಲ್ಲಿಯ ಊರುಗಳಲ್ಲಿ ಮನೆಗೂ ಮನೆಗೂ ನಡುವೆ ಗೋಡೆಯಿಲ್ಲ. ಮುಂದೆ ಹುಲ್ಲುಹಾಸು, ಹಿಂದೆ ಹೂದೋಟ, ಅದರಾಚೆ ಒಂದು ತುಂಡು ಕಾಡು. ಆ ಕಾಡಿನಿಂದ ಬಿಳಿಬಾಲದ ಜಿಂಕೆಗಳು ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ನಮ್ಮೂರ ಬೀದಿದನಗಳಂತೆ ನಿರ್ಭಯವಾಗಿ ಬಂದು ಹೋಗುತ್ತವೆ. ಹದಿನಾರನೆಯ ತೀರ್ಥಂಕರರಾದ ಶಾಂತಿನಾಥ ಸ್ವಾಮಿಯ ಲಾಂಛನವನ್ನು ನಿತ್ಯವೂ ಪೀಠದ ಮೇಲೆ ಕಂಡು ಕೈಮುಗಿದ ನನಗೆ, ಜೀವಂತ ಹರಿಣವನ್ನು ಹತ್ತು ಮಾರು ದೂರದಲ್ಲಿ ನೋಡಿದ ಮೊದಲ ವಾರವು ಒಂದು ಪುಣ್ಯದರ್ಶನವೆಂದೇ ತೋರಿತು. ಎರಡನೆಯ ವಾರ ಹಾಗೆ ತೋರಲಿಲ್ಲ.

ವೈಶಾಖ ಶುಕ್ಲ ಚತುರ್ದಶಿಯಂದು ನಾನು ಉಪವಾಸದಲ್ಲಿದ್ದೆನು. ಬೆಳಗಿನ ಸಾಮಾಯಿಕವನ್ನು ಮುಗಿಸಿ ಎದ್ದು ಕಿಟಕಿಯಿಂದ ನೋಡಿದಾಗ ಮೂರು ಜಿಂಕೆಗಳು ಟ್ಯೂಲಿಪ್ ಮೊಗ್ಗುಗಳನ್ನು ಒಂದೊಂದಾಗಿ ಕಿತ್ತು ತಿನ್ನುತ್ತಿದ್ದುವು. ಹಿಂದಿನ ಶರತ್ಕಾಲದಲ್ಲಿ ಮೊಮ್ಮಗನು ತನ್ನ ಕೈಯಾರೆ ನೆಟ್ಟಿದ್ದ ಗೆಡ್ಡೆಗಳು ಅವು. (ಗೆಡ್ಡೆಯನ್ನು ತಿನ್ನದ ಮನೆಯವರು ಗೆಡ್ಡೆಯನ್ನು ನೆಟ್ಟು ಹೂವನ್ನು ನೋಡಬಹುದೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.) ನಾನು ಹೊರಗೆ ಹೋಗಿ ಕೂಗಿದೆನು. ಅವು ತಲೆಯೆತ್ತಿ ನೋಡಿ ಪುನಃ ತಿನ್ನತೊಡಗಿದುವು. ಪಾತಿಯ ಅಂಚಿಗಿಟ್ಟಿದ್ದ ಒಂದು ಕಲ್ಲನ್ನು ಎತ್ತಿ ಎಸೆದೆನು. ಅದು ಒಂದು ಹೆಣ್ಣು ಜಿಂಕೆಯ ಹಿಂಗಾಲಿಗೆ ತಾಗಿತು. ಅದು ಕುಂಟುತ್ತ ಕಾಡನ್ನು ಸೇರಿತು.

ಓಡಿಸಬೇಕೆಂದು ಎಸೆದೆನೆ, ನೋಯಿಸಬೇಕೆಂದು ಎಸೆದೆನೆ? ಓಡಿಸಬೇಕೆಂದೇ ಎಂದು ಸೊಸೆಗೆ ಹೇಳಿದೆನು. ಸಂಜೆಯ ಪ್ರತಿಕ್ರಮಣದಲ್ಲಿ ಕುಳಿತಾಗ ಅದೇ ಮಾತನ್ನು ನನಗೆ ನಾನು ಹೇಳಿಕೊಳ್ಳುವುದು ಸಾಧ್ಯವಾಗಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಪಂಚಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪಾದಿಗಳನ್ನೂ ತ್ಯಜಿಸಬೇಕೆಂದು ವಿಧಿಸಿದ್ದಾರೆ. ಆ ದಿನ ನಾನು ತ್ಯಜಿಸಬೇಕಾಗಿದ್ದ ಪುಷ್ಪಕ್ಕಾಗಿಯೇ ಕಲ್ಲನ್ನೆತ್ತಿದ್ದೆನು. ಇಷ್ಟೇ ಅಲ್ಲ. ಹೊಟ್ಟೆಯ ಹಸಿವನ್ನು ಬುದ್ಧಿಪೂರ್ವಕವಾಗಿ ವರಿಸಿದ್ದ ದಿನದಂದು ಹಸಿದ ಇನ್ನೊಂದು ಜೀವದ ತುತ್ತನ್ನು ಸಹಿಸದವನಾದೆನು. ಉಪವಾಸವು ನನಗೆ ಹಸಿವಿನ ಸ್ವರೂಪವನ್ನು ತಿಳಿಸಿತ್ತು, ಇತರರ ಹಸಿವನ್ನು ತಿಳಿಸಿರಲಿಲ್ಲ.

ಹರಿಣವು ತಿಂದ ಗಿಡವನ್ನು ಗುರುತಿಸುವುದು ಸುಲಭ. ಅದಕ್ಕೆ ಮೇಲಿನ ದವಡೆಯಲ್ಲಿ ಮುಂಭಾಗದ ಬಾಚಿಹಲ್ಲುಗಳಿಲ್ಲವಾದುದರಿಂದ ಕಾಂಡವು ಹರಿದು ಜೂಲುಜೂಲಾಗಿ ಉಳಿಯುತ್ತದೆ. ಮೊಲವು ಕತ್ತರಿಸಿದರೆ ಚೂರಿಯಿಂದ ಕೊಯ್ದಂತೆ ನುಣ್ಣಗಿರುತ್ತದೆ. ಟ್ಯೂಲಿಪ್, ಅಗಲವಾದ ಎಲೆಯ ಹೋಸ್ಟಾ, ಗುಲಾಬಿಯ ಚಿಗುರು, ಅವರೆಯ ಬಳ್ಳಿ ಇವೆಲ್ಲ ಅವಕ್ಕೆ ಪರಮಪ್ರಿಯ. ಡ್ಯಾಫಡಿಲ್ ಗೆಡ್ಡೆಯಲ್ಲಿಯೂ ಎಲೆಯಲ್ಲಿಯೂ ಸಹಜವಾಗಿ ವಿಷಾಂಶವಿರುವುದರಿಂದ ಅದನ್ನು ಮುಟ್ಟುವುದಿಲ್ಲ. ಲ್ಯಾವೆಂಡರಿನ ಗಂಧವೂ ಸೇರದು. ಬೆಳೆದ ಜಿಂಕೆಯೊಂದು ದಿನಕ್ಕೆ ಎರಡು ಮೂರು ಕಿಲೋ ಸೊಪ್ಪನ್ನು ತಿನ್ನುತ್ತದೆ. ಮೂರು ಜಿಂಕೆಗಳು ಒಂದು ವಾರ ಬಂದರೆ ಒಂದು ಸಣ್ಣ ತೋಟವು ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಇವು ಊರಿಗೆ ಬಂದುದೇಕೆ ಎಂಬುದನ್ನು ತಿಳಿಯದೆ ದೋಷವನ್ನು ನಿರ್ಣಯಿಸುವುದು ನ್ಯಾಯವಲ್ಲ. ಚರ್ಮ ಮಾಂಸಗಳ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಕೊಂದುದರಿಂದ 1900ರ ಸುಮಾರಿಗೆ ಆ ದೇಶದಲ್ಲೆಲ್ಲ ಈ ಜಾತಿಯ ಜಿಂಕೆಗಳು ಐದು ಲಕ್ಷದಷ್ಟು ಮಾತ್ರ ಉಳಿದಿದ್ದುವೆಂದು ಅಂದಾಜು ಮಾಡಿದ್ದಾರೆ. ಅದೇ ವರ್ಷ ಬಂದ ಲೇಸಿ ಕಾಯಿದೆಯು ಅಕ್ರಮವಾಗಿ ಕೊಂದ ಪ್ರಾಣಿಗಳ ಅಂತರರಾಜ್ಯ ವ್ಯಾಪಾರವನ್ನು ನಿಷೇಧಿಸಿತು. ಬೇಟೆಗೆ ಕಟ್ಟುಪಾಡುಗಳು ಬಂದುವು. ಅಷ್ಟರಲ್ಲಿ ಪೂರ್ವದ ರಾಜ್ಯಗಳಲ್ಲಿ ತೋಳವನ್ನೂ ಕಾಡುಸಿಂಹವೆಂದು ಹೇಳುವ ಪ್ಯೂಮಾವನ್ನೂ ಮನುಷ್ಯನು ನಿರ್ಮೂಲ ಮಾಡಿಯಾಗಿತ್ತು. ಆಮೇಲೆ ದಟ್ಟ ಕಾಡನ್ನು ತುಂಡುತುಂಡಾಗಿ ಕಡಿದು ಮನೆಗಳನ್ನು ಕಟ್ಟಿದರು. ಕಾಡಿನ ಅಂಚೇ ಜಿಂಕೆಗೆ ಹಿತವಾದ ನೆಲೆ. ಊರೆಂಬುದು ಎಲ್ಲಿ ನೋಡಿದರೂ ಅಂಚು. ನೀರು ಹಾಕಿ ಗೊಬ್ಬರವಿಟ್ಟು ಬೆಳೆಸಿದ ಚಿಗುರು ಬೇರೆ. ಹೆಣ್ಣು ಜಿಂಕೆಯು ಸುಮಾರು ಇನ್ನೂರು ದಿನ ಗರ್ಭವನ್ನು ಧರಿಸಿ ಮೇ ಕೊನೆಯಿಂದ ಜೂನ್ ತಿಂಗಳಲ್ಲಿ ಸಾಮಾನ್ಯವಾಗಿ ಅವಳಿ ಮರಿಗಳನ್ನೇ ಈಯುತ್ತದೆ. ಈಗ ಅವುಗಳ ಸಂಖ್ಯೆ ಸುಮಾರು ಮೂರು ಕೋಟಿಯೆಂದು ಹೇಳುತ್ತಾರೆ. ಅಂದಮೇಲೆ ‘ನಮ್ಮ ತೋಟಕ್ಕೆ ಜಿಂಕೆ ನುಗ್ಗಿತು’ ಎಂಬ ಮಾತಿನಲ್ಲಿ ಕರ್ತೃಪದವು ಸರಿಯಾಗಿದೆಯೆ ಎಂಬ ಸಂಶಯವು ಹುಟ್ಟುತ್ತದೆ.

ಇಲ್ಲಿ ನನ್ನ ಬಾಲ್ಯದ ನೆನಪೊಂದನ್ನು ಹೇಳಬೇಕು. ಮಲೆನಾಡಿನ ನಮ್ಮ ಗದ್ದೆಗೆ ಕಡವೆ, ಹಂದಿಗಳು ಬರುತ್ತಿದ್ದುವು. ತೆನೆ ಕಟ್ಟುವ ಕಾಲದಲ್ಲಿ ಅಜ್ಜನವರು ಮಾಳದ ಮೇಲೆ ಕುಳಿತು ರಾತ್ರಿಯಿಡೀ ತಗಡಿನ ಡಬ್ಬಿಯನ್ನು ಬಡಿಯುತ್ತಿದ್ದರು. ಅವರು ರಾತ್ರಿಭೋಜನತ್ಯಾಗಿಗಳು, ಹಸಿದ ಹೊಟ್ಟೆಯಲ್ಲಿಯೇ ಕಾವಲು. ನೆರೆಯವರು ಕೋವಿ ತಂದರೆ ನಮ್ಮ ಗದ್ದೆಯ ಬದುವಿನ ಮೇಲೆ ನಿಲ್ಲಗೊಡುತ್ತಿರಲಿಲ್ಲ. ಆದರೂ ಬೆಳೆಯನ್ನು ಬಿಟ್ಟುಕೊಟ್ಟವರೂ ಅಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಸರ್ವಥಾ ಬಿಡಬೇಕು, ಉಳಿದ ಮೂರನ್ನು ಯತ್ನಾಚಾರದಿಂದ ಕಡಮೆ ಮಾಡುತ್ತ ಹೋಗಬೇಕು ಎಂದು ನಮ್ಮ ಪಂಡಿತರು ತಿಳಿಸುತ್ತ ಬಂದಿದ್ದಾರೆ. ಅಜ್ಜನವರ ಡಬ್ಬಿಯ ಸದ್ದು ಜೀವನೋಪಾಯದ ರಕ್ಷಣೆಗಾಗಿ ಇದ್ದುದು. ಅದು ಉದ್ಯೋಗದ ಎಲ್ಲೆಯೊಳಗೆ ಬರುತ್ತದೆ. ನನ್ನ ಕಲ್ಲು ಯಾವ ಎಲ್ಲೆಯೊಳಗೆ ಬರುತ್ತದೆ? ಟ್ಯೂಲಿಪ್ ಹೂವು ಯಾರ ಊಟವೂ ಅಲ್ಲ. ವಿರೋಧೀ ಹಿಂಸೆಯೆನ್ನೋಣವೆಂದರೆ ಜಿಂಕೆಯು ನನ್ನ ಮೇಲೆ ಬಿದ್ದಿರಲಿಲ್ಲ. ಶೋಭೆಗೆ ಬಂದ ಕುಂದನ್ನು ಪ್ರಾಣಕ್ಕೆ ಬಂದ ಕುಂದೆಂಬಂತೆ ಭಾವಿಸಿ ಕೋಪಿಸಿಕೊಂಡುದಕ್ಕೆ ಶಾಸ್ತ್ರದಲ್ಲಿ ಬೇರೆ ಹೆಸರು ಹುಡುಕಬೇಕಾಗಿಲ್ಲ, ಅದು ಕಷಾಯ.

ಕಲ್ಲನ್ನು ಬಿಟ್ಟಮೇಲೆ ಉಪಾಯವನ್ನು ಹುಡುಕಲು ಮಗನೊಡನೆ ಅಂಗಡಿಗೆ ಹೋದೆನು. ಜಿಂಕೆಯನ್ನು ಕೊಲ್ಲದೆ ದೂರವಿಡುವ ದ್ರಾವಣಗಳು, ಪುಡಿಗಳು ಒಂದು ಗೋಡೆಯಷ್ಟಿದ್ದುವು. ನಾವು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸದವರಾದುದರಿಂದ ಇವನ್ನೂ ಓದಿದೆವು. ಹೆಚ್ಚಿನ ದ್ರಾವಣಗಳ ಸತ್ವವು ಕೊಳೆಸಿದ ಕೋಳಿಮೊಟ್ಟೆ. ಗೊಬ್ಬರವಾಗಿಯೂ ನಿವಾರಕವಾಗಿಯೂ ಮಾರುವ ಕೆಂಪು ಪುಡಿಯು ಕಸಾಯಿಖಾನೆಯ ಒಣಗಿಸಿದ ರಕ್ತ. ಇನ್ನೊಂದು ಸೀಸೆಯಲ್ಲಿ ಪಂಜರದಲ್ಲಿ ಸಾಕಿದ ಕಯೋಟಿ ಎಂಬ ಕಾಡುನಾಯಿಯ ಮೂತ್ರ. ಗಿಡಗಳಿಗೆ ಕಟ್ಟಿ ತೂಗಿಸುವ ಸಾಬೂನು ಇದೆ, ಅದು ಕೆಲಸ ಮಾಡುವುದು ಅದರಲ್ಲಿರುವ ಪ್ರಾಣಿಯ ಕೊಬ್ಬಿನ ವಾಸನೆಯಿಂದ. ಒಂದು ಪಂಚೇಂದ್ರಿಯವನ್ನು ನೋಯಿಸದಿರುವುದಕ್ಕಾಗಿ ಇನ್ನೆಷ್ಟು ಪಂಚೇಂದ್ರಿಯಗಳ ದೇಹವನ್ನು ಕೊಳ್ಳಬೇಕೋ! ಹಿಂಸೆಯು ಹೀಗೆ ನಮ್ಮ ಹಿತ್ತಿಲಿನಿಂದ ಹೊರಟು ಕಾಣದ ಊರಿಗೆ ಹೋಗಿ ಸೀಸೆಯಲ್ಲಿ ಮರಳಿ ಬರುತ್ತದೆ. ಮೆಣಸಿನಕಾಯಿಯ ಖಾರ, ಪುದೀನ, ಬೆಳ್ಳುಳ್ಳಿಗಳ ಎಣ್ಣೆಯಿಂದ ಮಾಡಿದ ಒಂದೆರಡು ದ್ರಾವಣಗಳೂ ಇದ್ದುವು. ಅಡಿಗೆಮನೆಗೆ ಬಾರದ ಬೆಳ್ಳುಳ್ಳಿ ತೋಟಕ್ಕೆ ಬರಬಹುದೆ ಎಂದು ಸೊಸೆಯು ನಗುತ್ತ ಕೇಳಿದಳು. ಬರೀ ಖಾರ ಪುದೀನಗಳದ್ದನ್ನು ತಂದೆವು. ಮಳೆ ಬಂದೊಡನೆ ಅದು ತೊಳೆದುಹೋಗುತ್ತದೆ. ಅಲ್ಲಿ ಮಳೆಗಾಲವೆಂದು ಬೇರೆ ಇಲ್ಲ, ವರ್ಷವಿಡೀ ಮಳೆ.

ಉಳಿದುದು ಬೇಲಿ. ಬಿಳಿಬಾಲದ ಜಿಂಕೆಯು ಎಂಟು ಅಡಿಯವರೆಗೂ ನೆಗೆಯಬಲ್ಲದು. ನಮ್ಮ ಬೀದಿಯ ನಿಯಮವು ಹಿತ್ತಿಲಲ್ಲಿ ಆರು ಅಡಿಗಿಂತ ಎತ್ತರದ ಬೇಲಿಯನ್ನು ಒಪ್ಪುವುದಿಲ್ಲ. ಆದರೆ ಎಲ್ಲಿ ಇಳಿಯುವೆನೆಂಬುದು ಕಾಣದಿದ್ದರೆ ಜಿಂಕೆಯು ನೆಗೆಯಲು ಹಿಂಜರಿಯುತ್ತದೆ. ಆದುದರಿಂದ ಸಂದಿಲ್ಲದ ಹಲಗೆಯ ಬೇಲಿಯಾದರೆ ಆರು ಅಡಿಯೂ ಸಾಕಾಗುತ್ತದೆ. ಕೆಲವರು ಶೋಭೆಗೆಂದು ಮೇಲೆ ಈಟಿಯ ಮೊನೆಯಂತಹ ಕಬ್ಬಿಣದ ಸರಳುಗಳನ್ನು ನಿಲ್ಲಿಸುತ್ತಾರೆ. ನೆಗೆದ ಜಿಂಕೆಯು ಅದರ ಮೇಲೆಯೇ ಸಿಕ್ಕಿ ಸಾಯುವುದುಂಟು. ಸಡಿಲವಾದ ನೈಲಾನ್ ಬಲೆಯಲ್ಲಿ ಗಂಡಿನ ಕೊಂಬುಗಳು ಸಿಕ್ಕಿಕೊಳ್ಳುತ್ತವೆ. ಬೇಲಿಯೆಲ್ಲವೂ ಅಹಿಂಸಕವೆಂದು ತಿಳಿಯಬಾರದು.

ಇಲ್ಲಿ ಶಂಕೆಯೊಂದು ಉಂಟಾಗಬಹುದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣಗಳೊಡನೆ ಅನ್ನಪಾನನಿರೋಧವನ್ನೂ ಉಮಾಸ್ವಾಮಿಗಳು ಹೇಳಿದ್ದಾರಲ್ಲವೆ? ಹಸಿದ ಪ್ರಾಣಿಗೆ ಬೇಲಿಯನ್ನು ಅಡ್ಡವಿಡುವುದು ಅನ್ನಪಾನನಿರೋಧವಾಗುವುದಿಲ್ಲವೆ? ನನ್ನ ಅಲ್ಪಮತಿಗೆ ತೋರುವ ಸಮಾಧಾನವು ಹೀಗಿದೆ. ನಮ್ಮ ಅಧೀನದಲ್ಲಿರುವ ಜೀವಕ್ಕೆ, ಅಂದರೆ ನಾವು ಕಟ್ಟಿಹಾಕಿರುವುದರಿಂದಲೇ ಬೇರೆಡೆ ಆಹಾರವನ್ನು ಹುಡುಕಲಾರದ ಪಶುವಿಗೂ ಸೇವಕನಿಗೂ, ಆಹಾರವನ್ನು ತಡೆಯುವುದೇ ಆ ಅತಿಚಾರದ ಮುಖ್ಯಾರ್ಥ. ಕಾಡಿನಲ್ಲಿ ಸ್ವೇಚ್ಛೆಯಾಗಿ ಚರಿಸುವ ಹರಿಣಕ್ಕೆ ನನ್ನ ಅವರೆಯ ಪಾತಿಯನ್ನು ಮುಚ್ಚಿದರೆ ಅದರ ಆಹಾರವು ನಿಂತಂತಾಗುವುದಿಲ್ಲ.

ಈ ಸಮಾಧಾನವನ್ನು ಬಹಳ ಧೈರ್ಯದಿಂದ ನಂಬಿ ಜೂನ್ ಮೊದಲ ವಾರದಲ್ಲಿ ಬೇಲಿಯನ್ನು ಮುಗಿಸಿ, ಸಂಜೆ ಬಾಗಿಲನ್ನು ಹಾಕಿ ಅಗಣಿಯನ್ನು ಜಡಿದೆನು. ರಾತ್ರಿ ಬೇಲಿಯ ಹೊರಗೆ ಜಿಂಕೆಯೊಂದು ಮೂಗಿನಿಂದ ಗಾಳಿಯನ್ನು ರಭಸವಾಗಿ ಬಿಟ್ಟು, ಗೊರಸಿನಿಂದ ನೆಲವನ್ನು ಬಡಿಯುತ್ತಿದ್ದ ಸದ್ದು ಕೇಳಿಸಿತು. ಬೇಲಿಯು ಫಲಿಸಿತೆಂದು ಸಂತೋಷಪಟ್ಟೆನು. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದಾಗ ಹೋಸ್ಟಾ ಎಲೆಗಳ ಅಡಿಯಲ್ಲಿ ಬಿಳಿ ಚುಕ್ಕೆಗಳ ಒಂದು ಎಳೆಯ ಮರಿಯು ಮುದುರಿ ಮಲಗಿತ್ತು. ಹತ್ತಿರ ಹೋದರೂ ಕದಲಲಿಲ್ಲ. ಈ ಜಾತಿಯ ತಾಯಿಯು ಮರಿಯನ್ನು ಒಂದೆಡೆ ಅಡಗಿಸಿಟ್ಟು ತಾನು ದೂರ ಹೋಗಿ ಮೇಯುತ್ತದೆ. ದಿನಕ್ಕೆ ಕೆಲವೇ ಸಲ ಬಂದು ಹಾಲೂಡಿಸುತ್ತದೆ. ಮರಿಗೆ ವಾಸನೆಯೇ ಇಲ್ಲವೆನ್ನುವಷ್ಟು ಕಡಮೆ. ಅಲುಗದೆ ಮಲಗಿರುವುದೇ ಅದರ ರಕ್ಷೆ. ಇದನ್ನು ಆಮೇಲೆ ತಿಳಿದುಕೊಂಡೆನು. ಬಾಗಿಲು ಹಾಕುವ ಮುನ್ನ ಒಂದು ಸುತ್ತು ಬಂದು ನೋಡಿದ್ದರೆ ಸಾಕಾಗಿತ್ತು. ಬಂಧ ಮತ್ತು ಅನ್ನಪಾನನಿರೋಧ ಎರಡೂ ಒಂದೇ ಅಗಣಿಯಲ್ಲಿ ಸಂಭವಿಸಿದ್ದುವು, ಅದೂ ಹಾಲುಗೂಸಿನ ವಿಷಯದಲ್ಲಿ. ಇನ್ನು ‘ಮುಖ್ಯಾರ್ಥ’ದ ಆಶ್ರಯವು ನನಗಿಲ್ಲ. ಕೂಡಿಹಾಕಲ್ಪಟ್ಟ ಮೃಗಗಳ ಆಕ್ರಂದನವನ್ನು ಕೇಳಿ ನೇಮಿನಾಥ ಸ್ವಾಮಿಯು ವಿವಾಹದ ರಥವನ್ನು ಹಿಂದಿರುಗಿಸಿದ ಕಥೆಯನ್ನು ಎಷ್ಟು ಸಲ ಓದಿ ಹೇಳಿದ್ದೆನೊ! ನಾನು ಕೇಳಿದ ಸದ್ದು ಅದೇ ಜಾತಿಯದಾಗಿತ್ತು. ನಾನು ಹೊದಿಕೆಯನ್ನು ಎಳೆದುಕೊಂಡು ಮಲಗಿದ್ದೆನು.

ಬಾಗಿಲನ್ನು ತೆರೆದಿಟ್ಟು ಮನೆಯೊಳಗೆ ಹೋದೆವು. ಒಂದು ಗಳಿಗೆಯ ಅನಂತರ ತಾಯಿಯು ಬಂದಿತು. ಹಿಂಗಾಲನ್ನು ಕೊಂಚ ಎಳೆಯುತ್ತಿತ್ತು.

ದಯೆಯಿಂದಲೂ ಕೇಡಾಗಬಹುದೆಂಬುದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ನಮ್ಮವರೇ ಒಬ್ಬರು ಚಳಿಗಾಲದಲ್ಲಿ ಜಿಂಕೆಗಳಿಗೆ ಮೆಕ್ಕೆಜೋಳವನ್ನು ಸುರಿಯುತ್ತಿದ್ದರು. ಚಳಿಗಾಲದಲ್ಲಿ ಕಡ್ಡಿ ತೊಗಟೆಗಳಿಗೆ ಒಗ್ಗಿದ ಅದರ ಹೊಟ್ಟೆಗೆ ಹಠಾತ್ತಾಗಿ ಕಾಳು ಬಿದ್ದರೆ ಆಮ್ಲವು ಏರಿ ಹೊಟ್ಟೆ ತುಂಬಿದ್ದರೂ ಸಾಯುತ್ತದೆ. ವಿವೇಕವಿಲ್ಲದ ದಾನದ ಫಲವನ್ನು ಪಾತ್ರವೇ ಅನುಭವಿಸಬೇಕಾಗುತ್ತದೆ.

ಇಷ್ಟರವರೆಗೆ ಹೇಳಿದುದು ಒಂದು ಮನೆಯ ಬೇಲಿಯೊಳಗಿನ ವಿಚಾರ. ಭಾದ್ರಪದದಲ್ಲಿ ದಶಲಕ್ಷಣ ಪರ್ವವು ನಡೆಯುತ್ತಿದ್ದಾಗ ನೆರೆಯವರೊಬ್ಬರು ಒಂದು ಮನವಿಪತ್ರವನ್ನು ಹಿಡಿದು ಬಂದರು. ಜಿಂಕೆಗಳನ್ನು ಕಡಮೆ ಮಾಡಲು ಪುರಸಭೆಯು ಗುರಿಕಾರರನ್ನು ನೇಮಿಸಬೇಕು, ಮನೆಯವರೆಲ್ಲ ರುಜು ಮಾಡಬೇಕು. ಇದು ಆ ರಾಜ್ಯದಲ್ಲಿ ಹೊಸತಲ್ಲ. ವಿಶ್ವವಿದ್ಯಾನಿಲಯದಿಂದ ಪ್ರಸಿದ್ಧವಾದ ಪ್ರಿನ್ಸ್‌ಟನ್‌ನಲ್ಲಿ 2001ರಲ್ಲಿಯೇ ಹಣ ಕೊಟ್ಟು ಗುರಿಕಾರರನ್ನು ಕರೆಸಿದ್ದರು. ಊರಿನಲ್ಲಿ ದೊಡ್ಡ ವಿವಾದವೂ ನಡೆದಿತ್ತು. ಕೊಂದ ಜಿಂಕೆಗಳ ಮಾಂಸವನ್ನು ಬಡವರಿಗೆ ಆಹಾರ ಹಂಚುವ ಸಂಸ್ಥೆಗಳಿಗೆ ಕೊಡುವ ಪದ್ಧತಿಯೂ ಇದೆ.

ಬಂದವರನ್ನು ಕ್ರೂರಿಗಳೆಂದು ಚಿತ್ರಿಸಿದರೆ ಅದು ಅಸತ್ಯವಾಗುತ್ತದೆ. ಅವರ ಮಗಳು ಜ್ವರ, ಕೀಲುನೋವುಗಳಿಂದ ಒಂದು ವರ್ಷ ಬಳಲಿದ್ದಳು. 1975ರಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಮಕ್ಕಳಲ್ಲಿ ಕಂಡುಬಂದು ಆ ಊರಿನ ಹೆಸರನ್ನೇ ಪಡೆದ ರೋಗ ಅದು; ಎಳ್ಳುಕಾಳಿಗಿಂತ ಸಣ್ಣದಾದ ಉಣುಗು ಕಚ್ಚುವುದರಿಂದ ಬರುತ್ತದೆ. ನಮ್ಮ ಸೊಸೆಗೂ ಆಷಾಢದಲ್ಲಿ ತೋಳಿನ ಮೇಲೆ ಗುರಿಹಲಗೆಯಂತಹ ಕೆಂಪು ಮಂಡಲವು ಎದ್ದಿತ್ತು. ಬೇಗನೆ ಗುರುತಿಸಿ ಔಷಧವನ್ನು ಕೊಟ್ಟುದರಿಂದ ಗುಣವಾಯಿತು. ರೋಗಾಣುವನ್ನು ಉಣುಗಿಗೆ ಕೊಡುವುದು ಜಿಂಕೆಯಲ್ಲ, ಮುಖ್ಯವಾಗಿ ಬಿಳಿಪಾದದ ಇಲಿ. ಆದರೆ ಬೆಳೆದ ಉಣುಗುಗಳು ರಕ್ತ ಕುಡಿದು ಸಂತಾನವನ್ನು ಬೆಳೆಸುವುದು ಹೆಚ್ಚಾಗಿ ಜಿಂಕೆಯ ಮೈಮೇಲೆಯೇ. ರಸ್ತೆಯಲ್ಲಿ ವಾಹನಗಳಿಗೆ ಜಿಂಕೆಗಳು ಅಡ್ಡ ಬಂದು ಆ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಅಪಘಾತಗಳಾಗುತ್ತವೆಂದು ಅಂದಾಜಿದೆ, ಮನುಷ್ಯರೂ ಸಾಯುತ್ತಾರೆ. ಹೂವಿನ ಪ್ರಶ್ನೆಯನ್ನು ನಾನು ಸುಲಭವಾಗಿ ತಳ್ಳಿಹಾಕಿದಂತೆ ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ.

ಅವರು ಹೇಳಿದ ಯುಕ್ತಿಗಳು ಎರಡು. ಕೆಲವನ್ನು ಕೊಂದರೆ ಬಹುಜನರ ರಕ್ಷಣೆಯಾಗುತ್ತದೆ ಎಂಬುದು ಒಂದು. ಮೇವಿಲ್ಲದೆ ನರಳಿ ಸಾಯುವುದಕ್ಕಿಂತ ಒಂದು ಗುಂಡಿನಿಂದ ಸಾಯುವುದು ಜಿಂಕೆಗೇ ಒಳ್ಳೆಯದು ಎಂಬುದು ಇನ್ನೊಂದು. ಕೇಳುತ್ತ ಕುಳಿತ ನನಗೆ ಆಶ್ಚರ್ಯವಾದುದು ಇವೆರಡೂ ಹೊಸ ಯುಕ್ತಿಗಳಲ್ಲವೆಂಬುದರಿಂದ. ಸುಮಾರು ಸಾವಿರ ವರ್ಷಗಳ ಹಿಂದೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಎರಡನ್ನೂ ಪೂರ್ವಪಕ್ಷವಾಗಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂದು ಭಾವಿಸಿ ಕೊಲ್ಲತಕ್ಕದ್ದಲ್ಲ. ಬಹಳ ದುಃಖದಲ್ಲಿರುವ ಜೀವವನ್ನು ದುಃಖದಿಂದ ಬಿಡಿಸುವೆನೆಂಬ ವಾಸನೆಯ ಕತ್ತಿಯನ್ನು ಹಿಡಿದೂ ಕೊಲ್ಲತಕ್ಕದ್ದಲ್ಲ ಎಂಬುದು ಅಲ್ಲಿಯ ತಾತ್ಪರ್ಯ. ಹುಲಿ ಸಿಂಹಗಳ ವಿಷಯದಲ್ಲಿಯೇ ಹೀಗಾದರೆ ಸೊಪ್ಪು ತಿನ್ನುವ ಹರಿಣದ ವಿಷಯದಲ್ಲಿ ಹೇಳತಕ್ಕದ್ದೇನಿದೆ? ಇನ್ನೊಂದೆಡೆ ಅದೇ ಆಚಾರ್ಯರು, ಹಿಂಸೆಯನ್ನು ಒಬ್ಬನು ಮಾಡಿದರೂ ಫಲವನ್ನು ಬಹುಮಂದಿ ಉಣ್ಣುವ ಪ್ರಸಂಗಗಳಿವೆಯೆಂದು ಎಚ್ಚರಿಸಿದ್ದಾರೆ. ಒಬ್ಬ ಗುರಿಕಾರನು, ಕೂಲಿಯನ್ನು ಕೊಡುವ ಸಾವಿರಾರು ಮನೆಗಳು: ಈ ಚಿತ್ರವನ್ನು ಕಂಡೇ ಬರೆದಂತಿದೆ. ಶ್ರಾವಕನು ತ್ರಸಜೀವದ ಸಂಕಲ್ಪೀ ಹಿಂಸೆಯನ್ನು ಬಿಡುವುದು ಕೃತದಿಂದ ಮಾತ್ರವಲ್ಲ, ಕಾರಿತದಿಂದಲೂ ಅನುಮೋದನೆಯಿಂದಲೂ. ರುಜು ಎಂಬುದು ಅನುಮೋದನೆಯ ಕೈಬರಹ.

ಕೊಲ್ಲದೆ ಸಂತಾನವನ್ನು ನಿಲ್ಲಿಸುವ ಮಾರ್ಗವಿದೆಯಲ್ಲ ಎಂದು ಮಗನು ಕೇಳಿದನು. ಇದೆ. ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ಐಲೆಂಡ್ ದ್ವೀಪದಲ್ಲಿ 2016ರಲ್ಲಿ ಗಂಡು ಜಿಂಕೆಗಳನ್ನು ಮೂರ್ಛೆಗೊಳಿಸಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡತೊಡಗಿದರು. ಹಡ್ಸನ್ ನದೀತೀರದ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ 2014ರಲ್ಲಿ ಹೆಣ್ಣು ಜಿಂಕೆಗಳಿಗೆ ಗರ್ಭನಿರೋಧಕ ಲಸಿಕೆಯನ್ನು ಕೊಟ್ಟರು; ಆ ಲಸಿಕೆಯ ಮೂಲವಸ್ತುವು ಹಂದಿಯ ಅಂಡಾಶಯದಿಂದ ಬರುತ್ತದೆ. ಪುನಃ ಅದೇ ಸೀಸೆಯ ಕಥೆ. ಶಸ್ತ್ರಚಿಕಿತ್ಸೆಯು ‘ಛೇದ’ವೆಂಬ ಅತಿಚಾರದೊಳಗೆ ಬರುತ್ತದೆಯೆ? ಅಂಗವನ್ನು ಕತ್ತರಿಸುವುದು ಛೇದವೆಂಬುದು ಸ್ಪಷ್ಟ. ಆದರೆ ಛೇದವು ಅತಿಚಾರ, ಕೊಲ್ಲುವುದು ವ್ರತದ ಭಂಗ. ಗುಂಡಿಗೂ ಶಸ್ತ್ರಕ್ಕೂ ನಡುವೆ ಆರಿಸಲೇಬೇಕಾದರೆ ಶಸ್ತ್ರವನ್ನು ಆರಿಸುವವನನ್ನು ನಾನು ದೂಷಿಸಲಾರೆ. ಅದನ್ನು ನಿರ್ದೋಷವೆಂದು ಕರೆಯಲೂ ಆರೆ. ತ್ಯಾಗಿಗಳೂ ಪಂಡಿತರೂ ಈ ಅಂಶವನ್ನು ಈ ಪುಟಗಳಲ್ಲಿ ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇನೆ.

ನಾವು ರುಜು ಮಾಡಲಿಲ್ಲ. ಕಾರಣವನ್ನು ಮಗನು ವಿನಯದಿಂದ ಹೇಳಿದನು. ಆ ನೆರೆಯವರು ಕೋಪಿಸಿಕೊಳ್ಳಲಿಲ್ಲ. ಕಾಗದವನ್ನು ಮಡಿಚುತ್ತ ನನ್ನ ಕಡೆಗೆ ನೋಡಿ, ‘ತಾವು ಬರುವ ತಿಂಗಳು ತಮ್ಮ ದೇಶಕ್ಕೆ ಹೋಗುತ್ತೀರಿ. ಈ ಹುಲ್ಲಿನ ಮೇಲೆ ಆಡುವುದು ನಮ್ಮ ಮಕ್ಕಳು’ ಎಂದರು. ಅದಕ್ಕೆ ಉತ್ತರವನ್ನು ಆಗ ಕೊಡಲಾಗಲಿಲ್ಲ. ಈಗಲೂ ಪೂರ್ಣವಾದ ಉತ್ತರವು ನನ್ನ ಬಳಿಯಲ್ಲಿಲ್ಲ. ಅಹಿಂಸೆಯ ಬೆಲೆಯನ್ನು ವ್ರತಿಯೇ ತೆರುವಾಗ ಅದು ತಪಸ್ಸು. ನೆರೆಯವರ ಮಗಳು ತೆರುವುದಾದರೆ ಅದು ಏನು? ವ್ರತವು ನನ್ನನ್ನು ಗುಂಡಿನಿಂದ ತಡೆಯುತ್ತದೆಯೆಂದಮೇಲೆ ಗುಂಡಿಲ್ಲದೆ ಆ ಮಗುವನ್ನು ಕಾಯುವ ಕೆಲಸವೂ ನನ್ನ ಪಾಲಿಗೆ ಬರುತ್ತದೆಂದು ಮಾತ್ರ ತಿಳಿದೆನು. ಎರಡು ಹಿತ್ತಿಲುಗಳ ನಡುವಿನ ಎತ್ತರದ ಹುಲ್ಲನ್ನೂ ಎಲೆಯ ರಾಶಿಯನ್ನೂ ತೆಗೆದು, ಕಾಡಿನ ಅಂಚಿಗೆ ಮೂರು ಅಡಿ ಅಗಲ ಮರದ ಚಕ್ಕೆಗಳನ್ನು ಹರಡಿದೆವು; ಒಣಗಿದ ನೆಲವನ್ನು ಉಣುಗು ದಾಟಲು ಹಿಂಜರಿಯುತ್ತದೆ. ನಾಲ್ಕು ದಿನ ಅವರ ಹಿತ್ತಿಲಲ್ಲಿ ನಾನೂ ಮಗನೂ ಗುದ್ದಲಿ ಹಿಡಿದೆವು. ಇದು ಆರಂಭೀ ಹಿಂಸೆಯಲ್ಲವೆ, ನೆಲದ ಸಣ್ಣ ಜೀವಗಳ ಗತಿಯೇನು ಎಂದು ಕೇಳುವವರಿಗೆ, ಹೌದು ಎಂದೇ ಹೇಳಬೇಕು.

ತೋಟದ ವಿಷಯದಲ್ಲಿ ನಿರ್ಣಯವು ಬಂದುದು ಅಹಿಂಸಾವ್ರತದಿಂದಲ್ಲ, ಅದರ ಐದನೆಯ ಸೋದರನಿಂದ. ಜಿಂಕೆಯನ್ನು ಹೇಗೆ ತಡೆಯಲಿ ಎಂದು ನಾಲ್ಕು ತಿಂಗಳು ಯೋಚಿಸಿದವನು, ತಡೆಯಬೇಕಾದ ನೆಲವೆಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ. ಪರಿಗ್ರಹವನ್ನು ಅಳತೆಯೊಳಗೆ ತಾರದೆ ಅಹಿಂಸೆಯನ್ನು ಸಾಧಿಸಹೊರಟರೆ ಬೇಲಿಯು ಉದ್ದವಾಗುತ್ತಲೇ ಹೋಗುತ್ತದೆ. ಬೇಲಿಯಷ್ಟೇ ಉದ್ದವಾಗಿ ಕೋಪವೂ. ರತ್ನಕರಂಡಕದಲ್ಲಿ ಭೋಗೋಪಭೋಗಪರಿಮಾಣವನ್ನು ಹೇಳುವಾಗ, ಕಾಲದ ಮಿತಿಯಿಂದ ಮಾಡುವ ತ್ಯಾಗವನ್ನು ನಿಯಮವೆಂದೂ ಬದುಕಿರುವವರೆಗಿನದನ್ನು ಯಮವೆಂದೂ ಬೇರ್ಪಡಿಸಿದ್ದಾರೆ. ಅನಂತ ಚತುರ್ದಶಿಯಂದು ಮಗ ಸೊಸೆಯರು ಒಂದು ವರ್ಷದ ನಿಯಮವನ್ನು ಕೈಗೊಂಡರು. ಹನ್ನೆರಡು ಅಡಿ ಇಪ್ಪತ್ತು ಅಡಿಯ ಒಂದು ಪಾತಿಯು ಬೇಲಿಯೊಳಗೆ. ಅಲ್ಲಿ ಮನೆಗೆ ಬೇಕಾದ ಅವರೆ, ಬೆಂಡೆ, ತೊಂಡೆ ಮತ್ತು ಪೂಜೆಯ ಹೂವು. ಉಳಿದ ಹಿತ್ತಿಲು ಬೇಲಿಯ ಹೊರಗೆ. ಅಲ್ಲಿ ಬೆಳೆದುದನ್ನು ಯಾರು ತಿಂದರೂ ನಷ್ಟವೆಂದು ಎಣಿಸುವುದಿಲ್ಲ. ನಾನು ಬೇರೆ ಒಂದು ನಿಯಮವನ್ನು ಮಾಡಿಕೊಂಡೆನು: ಅಷ್ಟಮಿ ಚತುರ್ದಶಿಗಳ ಉಪವಾಸದಲ್ಲಿ ಹಸಿದು ಬಂದ ಯಾವ ಪ್ರಾಣಿಯನ್ನೂ ಆ ದಿನ ಗದರಿಸಿ ಓಡಿಸುವುದಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಅಡಿಗೆಮನೆಯ ಕಿಟಕಿಗೆ ಬರುವ ಕೋತಿಗಳ ಮುಂದೆ ಈ ನಿಯಮವನ್ನು ಪಾಲಿಸುವುದು ಹರಿಣಗಳ ಮುಂದೆ ಪಾಲಿಸುವುದಕ್ಕಿಂತ ಕಷ್ಟವೆಂದು ತಿಳಿಯಿತು. ಕೋತಿಯು ಯಾವ ಬೇಲಿಯನ್ನೂ ಲೆಕ್ಕಿಸುವುದಿಲ್ಲ, ಬಾಳೆಹಣ್ಣಿನ ಪರಿಮಾಣವನ್ನಂತೂ ಒಪ್ಪುವುದೇ ಇಲ್ಲ.

ಚಳಿಗಾಲದಲ್ಲಿ ಪುರಸಭೆಯು ಮನವಿಯನ್ನು ಅಂಗೀಕರಿಸಿತು. ಫೆಬ್ರವರಿಯಲ್ಲಿ ಗುರಿಕಾರರು ಬಂದು ಹೋದರಂತೆ. ಮಗನು ಕಟ್ಟಿದ ತೆರಿಗೆಯೂ ಅದರಲ್ಲಿ ಸೇರಿದೆ. ಅದಕ್ಕಾಗಿ ಆ ತಿಂಗಳ ಎರಡು ಚತುರ್ದಶಿಗಳಂದು ಅವರಿಬ್ಬರೂ ಉಪವಾಸ ಮಾಡಿದರೆಂದು ಸೊಸೆಯು ಬರೆದಿದ್ದಳು. ಮೊನ್ನೆ ಫೋನಿನಲ್ಲಿ ಮಾತನಾಡುವಾಗ ಜಿಂಕೆಗಳು ಬರುತ್ತಿವೆಯೆ ಎಂದು ಕೇಳಿದೆನು. ಬರುತ್ತಿವೆ, ಎರಡು ಗಂಡು ಮತ್ತು ಒಂದು ಹೆಣ್ಣು, ಬೇಲಿಯ ಹೊರಗಿನ ಹೋಸ್ಟಾಗಳನ್ನು ಮುಗಿಸಿವೆ ಎಂದನು. ಹಿಂ­ಗಾಲನ್ನು ಎಳೆಯುವುದು ಅವುಗಳಲ್ಲಿದೆಯೆ ಎಂದೆನು. ಈ ವಸಂತದಲ್ಲಿ ಅದನ್ನು ಕಂಡಿಲ್ಲವೆಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತೊಂಡೆಯ ಬಳ್ಳಿಗೆ ಚಪ್ಪರವನ್ನು ಹಾಕುವುದು ಹೇಗೆಂದು ಕೇಳಿದನು.